ಮೋಡೆಮ್ ಮಾವ

ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತಿರುತ್ತೀರಿ. ಪಕ್ಕದ ಕುರ್ಚಿಯವರು ನಿಮ್ಮ ಕೈಯಲ್ಲಿರುವ ಫೋನನ್ನು ಓರೆಗಣ್ಣಿನಲ್ಲಿ ನೋಡಿ, "ಎಷ್ಟು ಜಿ.ಬಿ. ರ‍್ಯಾಮು?" ಎಂದು ಕೇಳಿದರೆ ತಕ್ಷಣ ಎದ್ದು ಕೈ ತೊಳೆಯಲು ಹೋಗಿಬಿಡಿ. ಊಟ ಆಗಿರದಿದ್ದರೂ ಪರವಾಗಿಲ್ಲ. ಎಂಟೋ ಹನ್ನೆರಡೋ ಎಂದು ಬಾಯಿಬಿಟ್ಟಿರೋ, "ನಾವು ಬರೀ ನಾಲ್ಕು ಎಂ.ಬಿ.ಯಲ್ಲಿ ವಿಂಡೋಸ್ 95 ಓಡಿಸಿದವರು ಸ್ವಾಮೀ" ಎಂದು ಪುರಾಣ ಶುರುವಾಗುತ್ತದೆ. ಪಂಕ್ತಿ ಎದ್ದರೂ ಅದು ಏಳುವುದಿಲ್ಲ. ನಿಮ್ಮ ಎಲೆಯ ಪಕ್ಕದ ಎಲೆಯಲ್ಲೇ ಕೂತು, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಫ್ಲಾಪಿಗೆ ಬಂದಿರುತ್ತದೆ.

ಇವರೇ ಮೋಡೆಮ್ ಮಾವ. ಪ್ರತಿ ಬಡಾವಣೆಗೂ ಒಬ್ಬರು ಇದ್ದಾರೆ. ವಯಸ್ಸು ಐವತ್ತೈದು ದಾಟಿದೆ. ಬ್ಯಾಂಕಿನಲ್ಲೋ ಸರ್ಕಾರಿ ಕಾರ್ಖಾನೆಯಲ್ಲೋ ಇ.ಡಿ.ಪಿ. ವಿಭಾಗ ಎಂಬ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಕೋಣೆಯಲ್ಲಿ ಕೆಲಸ ಮಾಡಿದವರು. ಆ ಕಟ್ಟಡದಲ್ಲಿ ಮ್ಯಾನೇಜರಿಗೆ ಫ್ಯಾನು, ಕಂಪ್ಯೂಟರಿಗೆ ಏಸಿ. ಮ್ಯಾನೇಜರ್ ಸಾಹೇಬರೇ ಸೆಖೆ ತಡೆಯಲಾರದೆ ಒಳಗೆ ಬಂದು, "ಏನಪ್ಪಾ, ಹೇಗಿದೆ ನಿನ್ನ ಮೆಷೀನು?" ಎಂದು ವಿಚಾರಿಸುವ ನೆಪದಲ್ಲಿ ಹತ್ತು ನಿಮಿಷ ನಿಂತು ಹೋಗುತ್ತಿದ್ದರಂತೆ. ಆ ಗೌರವದ ತಂಪು ಮಾವನ ಮೈಯಿಂದ ಇನ್ನೂ ಇಳಿದಿಲ್ಲ. ಈಗಲೂ ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆಗೆ ಒಂದು ಟೆಸ್ಟರ್ ಇರುತ್ತದೆ. ಫೋನ್ ಬಿಚ್ಚಲು ಟೆಸ್ಟರ್ ಬೇಕಾಗುವುದಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬಂದಿಲ್ಲ.

ಮಾವನಿಗೆ ಆಗಸ್ಟ್ 15 ಎಂದರೆ ಎರಡು ಸ್ವಾತಂತ್ರ್ಯ. ಒಂದು ಎಲ್ಲರಿಗೂ ಗೊತ್ತಿರುವುದು. ಇನ್ನೊಂದು 1995ರದು, ವಿ.ಎಸ್.ಎನ್.ಎಲ್. ಜನಸಾಮಾನ್ಯರಿಗೆ ಇಂಟರ್ನೆಟ್ ಬಾಗಿಲು ತೆರೆದ ದಿನ. ಖಾಸಗಿ ಕಂಪನಿಗಳಿಗೆ ಪರವಾನಗಿ ಸಿಕ್ಕಿದ್ದು 1998ರ ಕೊನೆಗೆ. ನಡುವಿನ ಆ ಮೂರು ವರ್ಷ ಮಾವನ ಪಾಲಿಗೆ ಕೃತಯುಗ. ದುಡ್ಡಿದ್ದವರಿಗೆ ಚಿತ್ರ ಕಾಣುವ ಖಾತೆ. ಉಳಿದವರಿಗೆ ಶೆಲ್ ಅಕೌಂಟು: ಕಪ್ಪು ಪರದೆ, ಅದರ ಮೇಲೆ ಬರೀ ಅಕ್ಷರ. ಚಿತ್ರ ಇಲ್ಲದ್ದರಿಂದಲೇ ಆಗಿನವರು ಓದುತ್ತಿದ್ದರು, ಈಗಿನವರು ಬರೀ ನೋಡುತ್ತಾರೆ ಎಂಬುದು ಮಾವನ ಖಂಡಿತವಾದ ಅಭಿಪ್ರಾಯ. ನೀವೇನು ಓದುತ್ತಿದ್ದಿರಿ ಎಂದು ಒಮ್ಮೆ ಕೇಳಿದೆ. "ಹೆಲ್ಪ್ ಫೈಲು" ಎಂದರು.

ಇನ್ನು ಫೋನ್ ಲೈನಿನಲ್ಲಿ ನೆಟ್ ಹಿಡಿಯುವ ಮೋಡೆಮ್ಮಿನ ಆ ಶಬ್ದ. ಅದನ್ನು ಬಾಯಲ್ಲೇ ನುಡಿಸುವುದು ಮಾವನ ಮುಖ್ಯ ಕಛೇರಿ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಒಬ್ಬ ಹುಡುಗ ಸಿಕ್ಕರೆ ಸಾಕು. ಮೊದಲು ಡಯಲ್ ಟೋನು, ಆಮೇಲೆ ಟಕಟಕ ನಂಬರು, ಒಂದು ದೀರ್ಘ ಕೂಊಊ, ಬಳಿಕ ಕಿರ್ರ್ರ್, ಟೊಂಯ್ ಟೊಂಯ್, ಕೊನೆಗೆ ಬಾಣಲೆಗೆ ಒಗ್ಗರಣೆ ಬಿದ್ದ ಹಾಗೆ ಒಂದು ಚುರ್ರ್. ಕಣ್ಣು ಮುಚ್ಚಿ ನುಡಿಸುತ್ತಾರೆ. ಮುಗಿದ ಮೇಲೆ ವ್ಯಾಖ್ಯಾನ: "ಅದು ಬರೀ ಗಲಾಟೆ ಅಂದ್ಕೋಬೇಡ ಮರಿ. ಈ ಕಡೆ ಮೋಡೆಮ್ಮು, ಆ ಕಡೆ ಮೋಡೆಮ್ಮು, ಲೈನು ಹೇಗಿದೆ, ಎಷ್ಟು ಸ್ಪೀಡಲ್ಲಿ ಮಾತಾಡೋಣ ಅಂತ ಚೌಕಾಸಿ ಮಾಡ್ತಾ ಇರೋದು." ಇದು ನಿಜವೇ. ಆದರೆ ಕಿರ್ರ್ ಎನ್ನುವುದನ್ನು ಕೇಳಿಯೇ 33.6 ಸಿಗುತ್ತದೋ 56 ಸಿಗುತ್ತದೋ ಹೇಳುತ್ತಿದ್ದೆ ಎಂಬಲ್ಲಿ ಸ್ವಲ್ಪ ಒಗ್ಗರಣೆ ಇದೆ ಎಂದು ನನ್ನ ಅನುಮಾನ.

56 ಎಂದರೆ 56 ಕಿಲೋಬಿಟ್. ಎಲ್ಲವೂ ಸರಿಯಿದ್ದರೂ ಸೆಕೆಂಡಿಗೆ ಏಳು ಕಿಲೋಬೈಟು. ನಾಲ್ಕು ಎಂ.ಬಿ.ಯ ಒಂದು ಹಾಡು ಇಳಿಯಲು ಲೆಕ್ಕದ ಪ್ರಕಾರ ಹತ್ತು ನಿಮಿಷ, ನಮ್ಮ ಲೈನುಗಳ ಪ್ರಕಾರ ಒಂದು ಊಟ ಮತ್ತು ಒಂದು ಸಣ್ಣ ನಿದ್ದೆ. ಸಂಜೆಯಾದರೆ ಮಾವ ಹಾಡು ಇಳಿಸಲು ಕೂರುತ್ತಿದ್ದರು. ನೂರರಲ್ಲಿ ತೊಂಬತ್ತೆಂಟು ಬಂದಿರುವಾಗ ಒಳಕೋಣೆಯಲ್ಲಿ ಯಾರೋ ಪ್ಯಾರಲಲ್ ಫೋನ್ ಎತ್ತಿ "ಹಲೋ" ಅನ್ನುವರು. ಅಲ್ಲಿಗೆ ಹಾಡೂ ಹೋಯಿತು, ಸಂಪರ್ಕವೂ ಹೋಯಿತು. ಈ ಕಥೆಯನ್ನು ಮಾವ ಹೇಳುವಾಗ ಅದು ದೊಡ್ಡ ತಪಸ್ಸಿಗೆ ಬಂದ ವಿಘ್ನದಂತಿರುತ್ತದೆ. ಅದೇ ಕಥೆಯನ್ನು ಅತ್ತೆ ಹೇಳುವ ಧಾಟಿಯೇ ಬೇರೆ. "ಸಂಜೆ ಏಳರಿಂದ ರಾತ್ರಿ ಹನ್ನೆರಡರವರೆಗೆ ನಮ್ಮನೆ ಫೋನು ಎಂಗೇಜು. ನಮ್ಮಕ್ಕ ಶಿವಮೊಗ್ಗದಿಂದ ಮಾಡಿ ಮಾಡಿ ಸಾಕಾಗಿ, ಬೇಕಂತ್ಲೇ ರಿಸೀವರ್ ತೆಗೆದಿಟ್ಟಿದಾರೆ ಅಂತ ಊರೆಲ್ಲ ಹೇಳ್ಕೊಂಡು ಬಂದ್ಲು. ಇನ್ನು ಬಿಲ್ಲು! ಎರಡು ತಿಂಗಳಿಗೊಂದು ಬರ್ತಿತ್ತಲ್ಲ, ಅದರಲ್ಲಿ ಒಂದೊಂದು ಸಲ ಒಂದು ಜೊತೆ ಓಲೆ ಬರ್ತಿತ್ತು." ಮಾವನ ನೆನಪಿನ ಭಂಡಾರದಲ್ಲಿ ಎಲ್ಲ ಇದೆ, ಟೆಲಿಫೋನ್ ಬಿಲ್ ಒಂದಿಲ್ಲ.

ಮನೆಗೆ ಮೊದಲ ಕಂಪ್ಯೂಟರ್ ಬಂದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಬಿಡಿಬಿಡಿಯಾಗಿ. ಒಂದಂಗಡಿಯಲ್ಲಿ ಮದರ್‌ಬೋರ್ಡು, ಇನ್ನೊಂದರಲ್ಲಿ ಹಾರ್ಡ್ ಡಿಸ್ಕು. ಮಾನಿಟರನ್ನು ಮಾತ್ರ ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಹಳ್ಳ ಬಂದಾಗಲೆಲ್ಲ "ನಿಧಾನಪ್ಪಾ" ಎನ್ನುತ್ತ ತಂದರು. ಅತ್ತೆ ಅದಕ್ಕೊಂದು ಹೂಬಳ್ಳಿಯ ಕಸೂತಿಯ ಹೊದಿಕೆ ಹೊಲಿದರು. ಆಯುಧ ಪೂಜೆಯ ದಿನ ಮಾನಿಟರ್ ಹಣೆಗೆ ವಿಭೂತಿ ಮೂರು ಬೆರಳು, ಮೌಸಿಗೆ ಕುಂಕುಮದ ಬೊಟ್ಟು, ಕೀಬೋರ್ಡಿನ ಮೇಲೆ ಸೇವಂತಿಗೆ. ಒಂದು ವರ್ಷ ಪೂಜೆಯಾದ ಮರುದಿನದಿಂದ ಯಾವ ಫ್ಲಾಪಿಯನ್ನೂ ಅದು ಓದಲೊಲ್ಲದು. ಮಾವ ಅದನ್ನು ವೈರಸ್ಸು ಎಂದು ತೀರ್ಮಾನಿಸಿ ವಾರ ಪೂರ್ತಿ ಸ್ಕ್ಯಾನ್ ಮಾಡಿದರು. ಕೊನೆಗೆ ರಿಪೇರಿ ಹುಡುಗ ಬಂದು ಡ್ರೈವ್ ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಮಂತ್ರಾಕ್ಷತೆ, ಅರಿಶಿನ ಸಮೇತ.

ಆದರೂ ಮಾವನ ವಿದ್ಯೆಯನ್ನು ಪೂರ್ತಿ ನಗೆಪಾಟಲು ಮಾಡುವಂತಿಲ್ಲ. ಬೀದಿಯಲ್ಲಿ ಯಾರದೇ ಕಂಪ್ಯೂಟರ್ ಕೂಂಯ್ ಕೂಂಯ್ ಎಂದು ಉದ್ದಕ್ಕೆ ಅರಚಿ ಕಪ್ಪಾಗಿ ನಿಂತರೆ ಮಾವನಿಗೆ ಬುಲಾವ್. ಬಂದವರೇ ಮೊದಲು, "ಮಗೂದು ಪೆನ್ಸಿಲ್ ರಬ್ಬರ್ ಇದ್ರೆ ಕೊಡಿ" ಎನ್ನುವರು. ಮನೆಯವರು ಮುಖ ಮುಖ ನೋಡಿಕೊಳ್ಳುವರು. ಮಾವ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು, ಧೂಳನ್ನು ಉಫ್ ಎಂದು ಊದಿ, ಎರಡು ಬಿಳಿ ಕ್ಲಿಪ್ಪುಗಳನ್ನು ಹೆಬ್ಬೆರಳಿನಿಂದ ಒತ್ತಿ ರ‍್ಯಾಮ್ ಪಟ್ಟಿಯನ್ನು ಹೊರತೆಗೆಯುವರು. ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕಪ್ಪು ಕಲೆ ಕೂತಿರುತ್ತದೆ. ರಬ್ಬರಿನಿಂದ ಅದನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿಯನ್ನು ಶಲ್ಯದಲ್ಲಿ ಕೊಡವಿ, ಮತ್ತೆ ಟಕ್ ಎಂದು ಕೂರಿಸುವರು. ಸ್ವಿಚ್ ಹಾಕಿದರೆ ಒಂದೇ ಒಂದು ಸಣ್ಣ "ಟೀಂ". ಪರದೆ ಬೆಳಗುತ್ತಿತ್ತು. ಆ ಮನೆಯಲ್ಲಿ ಅವತ್ತು ಮಾವನಿಗೆ ಕೊಡುತ್ತಿದ್ದ ಕಾಫಿ ಅಳಿಯನಿಗೂ ಸಿಗುತ್ತಿರಲಿಲ್ಲ. ಹೊರಡುವ ಮುನ್ನ ಮೌಸಿನ ಬಲಗುಂಡಿ ಒತ್ತಿ ನಾಲ್ಕೈದು ಸಲ ರಿಫ್ರೆಶ್ ಮಾಡುವರು. ಅದರಿಂದ ಕಂಪ್ಯೂಟರಿಗೆ ನಯಾಪೈಸೆ ಉಪಯೋಗವಿಲ್ಲ. ಆದರೆ ಮಾಡದೆ ಎದ್ದರೆ ಪೂಜೆಗೆ ಮಂಗಳಾರತಿ ತಪ್ಪಿದ ಭಾವನೆ ಮನೆಯವರಿಗೇ ಬರುತ್ತಿತ್ತು.

ಹಾಟ್‌ಮೇಲ್ ಸಂಗತಿ ಬಂದರೆ ಮಾವನ ಎದೆ ಎರಡಿಂಚು ಅಗಲವಾಗುತ್ತದೆ. 1996ರ ಜುಲೈ 4ರಂದು ಅದನ್ನು ಶುರುಮಾಡಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಮುಂದಿನ ವರ್ಷವೇ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಮಾವ ಹೇಳುವ ಧಾಟಿ ನೋಡಿದರೆ ಭಾಟಿಯಾಗೆ ಅಕ್ಷರಾಭ್ಯಾಸ ಮಾಡಿಸಿದ್ದೇ ಇವರೇನೋ ಅನ್ನಿಸಬೇಕು. ಆಗ ಅಂಚೆಪೆಟ್ಟಿಗೆಯ ಗಾತ್ರ ಎರಡು ಎಂ.ಬಿ. ಇವತ್ತು ಬೆಳಗ್ಗೆ ಫ್ಯಾಮಿಲಿ ಗ್ರೂಪಿಗೆ ಬರುವ ಒಂದೇ ಒಂದು "ಶುಭೋದಯ" ವಿಡಿಯೋ ಆ ಪೆಟ್ಟಿಗೆಯಲ್ಲಿ ಹಿಡಿಯುವುದಿಲ್ಲ. ಆ ವಿಡಿಯೋಗಳನ್ನು ಕಳಿಸುವವರಲ್ಲಿ ಮಾವನೇ ಮೊದಲಿಗರು ಎನ್ನುವುದು ಬೇರೆ ಮಾತು. ಅದೇ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದು ಸೈಬರ್ ಕೆಫೆಯಾಗಿ. "ಈಗ ನೋಡು, ಬರೀ ಕಾಫಿ ಉಳೀತು" ಎಂದು ಮಾವ ನಿಟ್ಟುಸಿರಿಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಮಾವನ ಕಡೆ. ಅದು ಕನ್ನಡ. ಪವನಜ ಅವರು 1996ರಲ್ಲಿ "ವಿಶ್ವಕನ್ನಡ" ಅಂತರಜಾಲ ಪತ್ರಿಕೆ ತಂದಾಗ ಅದನ್ನು ಓದಬೇಕಾದರೆ ಮೊದಲು ಫಾಂಟ್ ಇಳಿಸಿಕೊಳ್ಳಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ "ಬರಹ" ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ "ನುಡಿ". ಇವರ ಫಾಂಟು ಅವರ ಯಂತ್ರದಲ್ಲಿ ಇಲ್ಲದಿದ್ದರೆ ಪರದೆಯ ಮೇಲೆ ಕನ್ನಡದ ಬದಲು ಟೋಪಿ ಹಾಕಿದ ಇಂಗ್ಲಿಷ್ 'ಎ', ತಲೆಯ ಮೇಲೆ ಎರಡು ಚುಕ್ಕೆ ಹೊತ್ತ 'ಯು'. ಬೀದಿಯ ಗಣೇಶೋತ್ಸವದ ಕರಪತ್ರವನ್ನು ಮಾವ ರಾತ್ರಿಯೆಲ್ಲ ಕುಟ್ಟಿ, ಫ್ಲಾಪಿಯಲ್ಲಿ ಪ್ರೆಸ್ಸಿಗೆ ಒಯ್ದರೆ ಅಲ್ಲಿ ಗಣಪತಿಯ ಹೆಸರೇ ಗುರುತು ಸಿಗುತ್ತಿರಲಿಲ್ಲ. ಅಂದಿನಿಂದ ಅವರು ಒಂದು ಫ್ಲಾಪಿಯಲ್ಲಿ ಕರಪತ್ರ, ಇನ್ನೊಂದರಲ್ಲಿ ಫಾಂಟು ಹಿಡಿದುಕೊಂಡೇ ಪ್ರೆಸ್ಸಿನ ಮೆಟ್ಟಿಲು ಹತ್ತುತ್ತಿದ್ದರು. ಯೂನಿಕೋಡ್ ಬಂದು ಎಲ್ಲರ ಫೋನಿನಲ್ಲೂ ಕನ್ನಡ ಸಲೀಸಾಗಿ ಮೂಡುವ ಈ ಕಾಲಕ್ಕೆ ಇಂಥ ನೂರಾರು ಮಾವಂದಿರು ಕೈ ನೋಯಿಸಿಕೊಂಡಿದ್ದಾರೆ. ಅದಕ್ಕೆ ಅವರಿಗೆ ಇನ್ನೊಂದು ಹೋಳಿಗೆ ಬಡಿಸಬಹುದು.

ಈಗಿನ ಕಷ್ಟವೆಂದರೆ ಯಾವುದೂ ಸರಿಯಾಗಿ ಕೆಡುವುದಿಲ್ಲ. ಕೆಟ್ಟರೂ ಬಿಚ್ಚಲು ಸ್ಕ್ರೂ ಇಲ್ಲ, ಎಲ್ಲ ಅಂಟು. ಮೊನ್ನೆ ಎದುರು ಮನೆಯ ವೈಫೈ ನಿಂತಿತು. ಮಾವ ಟೆಸ್ಟರ್ ಸಮೇತ ಹಾಜರಾಗಿ, ಕನ್ನಡಕ ಏರಿಸಿ, "ಐ.ಪಿ. ಅಡ್ರೆಸ್ ಎಷ್ಟು ಬರ್ತಿದೆ ನೋಡೋಣ" ಎಂದು ಗಂಭೀರವಾಗಿ ಆರಂಭಿಸಿದರು. ಏಳನೇ ಕ್ಲಾಸಿನ ಹುಡುಗ ಆಟ ಬಿಟ್ಟು ಬಂದು, ಸ್ವಿಚ್ ಆಫ್ ಮಾಡಿ ಆನ್ ಮಾಡಿದ. ನೆಟ್ ಬಂತು. "ಅಷ್ಟೇ ಅಂಕಲ್" ಎಂದು ಮತ್ತೆ ಆಟಕ್ಕೆ ಓಡಿದ. ಇಪ್ಪತ್ತು ವರ್ಷ ಇಡೀ ಬೀದಿಗೆ ಮಾವ ಪುಕ್ಕಟೆಯಾಗಿ ಹಂಚಿದ ಉಪದೇಶವೂ ಅದೇ. ಅವತ್ತು ಕಾಫಿ ಮಾತ್ರ ಬರಲಿಲ್ಲ. ಯಂತ್ರ ಹಠ ಹಿಡಿಯುತ್ತಿದ್ದ ಕಾಲದಲ್ಲಿ ಮಾವನಿಗೆ ಮಾನವಿತ್ತು. ಅದು ಹೇಳಿದ ಮಾತು ಕೇಳತೊಡಗಿದ ಮೇಲೆ ಮಾವನ ಮಾತು ಕೇಳುವವರಿಲ್ಲ. ಅವರ ಹಂಬಲವೆಲ್ಲ ಇರುವುದು ಇಲ್ಲೇ ಎಂದು ನನ್ನ ಎಣಿಕೆ.

ಹಾಗಾಗಿ ಅವರು ಸಂಗ್ರಹಕ್ಕೆ ಇಳಿದಿದ್ದಾರೆ. ಮನೆಯ ಅಟ್ಟದಲ್ಲಿ ಈಗ ಎರಡು ಡಬ್ಬಾ ಮಾನಿಟರು, ಬಿಸ್ಕತ್ ಡಬ್ಬಿಯಲ್ಲಿ ನುಸಿಗುಳಿಗೆ ಹಾಕಿಟ್ಟ ಫ್ಲಾಪಿಗಳು, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಮತ್ತು ಹಾವಿನ ಹುತ್ತದಷ್ಟು ವೈರು ಇವೆ. ಯಾವ ವೈರು ಯಾವುದಕ್ಕೆ ಎಂದು ಮಾವನಿಗೂ ಮರೆತಿದೆ, ಎಸೆಯಲು ಮಾತ್ರ ಬಿಡುವುದಿಲ್ಲ. ಅತ್ತೆ ಉಪ್ಪಿನಕಾಯಿ ಭರಣಿಗಳನ್ನು ಮಂಚದ ಕೆಳಗೆ ಸಾಗಿಸಿದ್ದಾರೆ. ಆದ್ದರಿಂದ ಓದುಗರಲ್ಲಿ ಅವರ ಪರವಾಗಿ ಒಂದು ವಿನಂತಿ: ನಿಮ್ಮ ಮನೆಯಲ್ಲಿ ಹಳೇ ಕಂಪ್ಯೂಟರಿದ್ದರೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಮಾವನ ಕಿವಿಗೆ ಮಾತ್ರ ಹಾಕಬೇಡಿ.