ಶನಿವಾರದ ರೈತರಿಗೆ ರಜೆ ಬೇಕಂತೆ

ನಮ್ಮ ಪಕ್ಕದ ಜಮೀನಿನವರು ಬಾಲಿಗೆ ಹೋಗಿದ್ದಾರೆ. ಹತ್ತು ದಿನ. ಸುಸ್ತಾಗಿತ್ತಂತೆ.

ಯಾಕೆ ಸುಸ್ತು ಅಂತ ನಾನು ಕೇಳಿ ಕೆಟ್ಟೆ. ಆಫೀಸಿನ ಸುಸ್ತು ಕಳೆಯಲು ತೋಟ ಮಾಡಿದರು. ತೋಟದ ಸುಸ್ತು ಕಳೆಯಲು ಈಗ ಬಾಲಿ. ಬಾಲಿಯ ಸುಸ್ತು ಕಳೆಯಲು ಮತ್ತೆ ಆಫೀಸಿಗೇ ಹೋಗಬೇಕು.

ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ದಾಟಿ ಎತ್ತ ತಿರುಗಿದರೂ ಇಂಥ ತೋಟಗಳೇ. ಗುರುತು ಹಿಡಿಯೋದು ಸುಲಭ. ಗೇಟು ಮನೆಗಿಂತ ದೊಡ್ಡದಿರುತ್ತದೆ. ಗೇಟಿನ ಮೇಲೆ ಸಂಸ್ಕೃತದ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ. ಒಳಗೆ ಒಂದೂವರೆ ಎಕರೆ. ಅಂದರೆ 60 ಗುಂಟೆ. ಅದರಲ್ಲಿ ಮನೆ, ಈಜುಕೊಳ, ಹುಲ್ಲುಹಾಸು, ಮೂರು ಕಾರಿನ ಜಾಗ ಕಳೆದು ಮಿಕ್ಕಿದ್ದಕ್ಕೆ ವ್ಯವಸಾಯ ಅಂತ ಹೆಸರು.

2025ರಲ್ಲಿ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಅಂತ ಬದಲಾಯಿಸಿದರು. ಜಮೀನು ಅದಕ್ಕೂ ಮೊದಲೇ ಬದಲಾಗಿತ್ತು.

ಹೊರಡುವ ಹಿಂದಿನ ಭಾನುವಾರ ನನ್ನನ್ನು ಕರೆದಿದ್ದರು. ಪ್ರತಿ ಸಲ ಕರೆಯುತ್ತಾರೆ. ಪ್ರವಾಸದ ಹಿಂದಿನ ವಾರ ಮಾತ್ರ ನಾನು ನೆರೆಯವನು. ಮಿಕ್ಕ ದಿನ 'ಲೋಕಲ್ಸು'.

ಹೋಗಿ ನೋಡಿದರೆ ಮದುವೆ ಮನೆ. ಯಜಮಾನ ಕೊಟ್ಟಿಗೆಯಲ್ಲಿ ನಿಂತು ಲ್ಯಾಪ್‌ಟಾಪ್ ಎದುರು ಮೀಟಿಂಗು ಮಾಡುತ್ತಿದ್ದ. ಇಡೀ ತೋಟದಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುವುದು ಗಂಜಲ ಹರಿಯುವ ಆ ಮೂಲೆಯಲ್ಲೇ. ಬಾಸಿಗೆ ಹಸು ಕಾಣಬಾರದೆಂದು ಹಿನ್ನೆಲೆ ಮಸುಕು ಮಾಡಿಕೊಂಡಿದ್ದ. ಇನ್‌ಸ್ಟಾಗ್ರಾಂನಲ್ಲಿ ನೋಡಿ, ಅದೇ ಹಸುವಿನ ಕೊರಳು ತಬ್ಬಿಕೊಂಡಿದ್ದಾನೆ. ಒಂದು ಕಡೆ ಗೋಮಾತೆ, ಇನ್ನೊಂದು ಕಡೆ ಮುಚ್ಚಿಡಬೇಕಾದ ಸಂಬಂಧ.

ಆ ಹಸುವೂ ಗುಜರಾತಿನ ಗಿರ್. ಹಳ್ಳಿಕಾರ್ ಸೀಮೆಯಲ್ಲಿ ಜಮೀನು ಕೊಂಡು ಗಿರ್ ತಂದು ಕಟ್ಟಿದ್ದಾರೆ. ದೇಸಿ ತಳಿ ಉಳಿಸಬೇಕಂತೆ.

ಯಜಮಾನಿ ಜಗುಲಿಯಲ್ಲಿ ಬಾದಾಮಿ ಮಾವಿನ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದರು. ನಲವತ್ತು ಡಬ್ಬ. ಅಪಾರ್ಟ್‌ಮೆಂಟಿನ ಗೆಳತಿಯರಿಗೆ. ವಿಮಾನ ಹತ್ತುವ ಮುಂಚೆ ಎಲ್ಲ ಸಾಗಿಸಿ ದುಡ್ಡು ಎಣಿಸಿಕೊಳ್ಳಬೇಕು. ಚೀಟಿಯಲ್ಲಿ 'ಸಂಪೂರ್ಣ ರಾಸಾಯನಿಕ ಮುಕ್ತ' ಎಂದಿತ್ತು. ಹೂ ಬಿಟ್ಟ ಕಾಲದಲ್ಲಿ ಜಿಗಿಹುಳಕ್ಕೆ ಹೊಡೆಸಿದ ಇಮಿಡಾಕ್ಲೋಪ್ರಿಡ್ ಡಬ್ಬಿಯನ್ನು ನನ್ನ ಬೇಲಿಯೊಳಕ್ಕೇ ಎಸೆದಿದ್ದರು. ಇನ್ನೂ ಅಲ್ಲೇ ಬಿದ್ದಿದೆ. ನಾವೂ ಹೊಡೆಯುತ್ತೇವೆ, ಇಲ್ಲ ಅನ್ನುವುದಿಲ್ಲ. ಆದರೆ ಹೊಡೆದದ್ದಕ್ಕೆ ಎರಡು ಪಟ್ಟು ರೇಟು ಕೇಳೋ ಧೈರ್ಯ ನಮಗೆ ಬಂದಿಲ್ಲ.

ಬಿಚ್ಚಿಟ್ಟ ಸೂಟ್‌ಕೇಸಿನೊಳಗೆ ಮೇಕೆಮರಿ ಹತ್ತಿ ಕೂತಿತ್ತು. ಹೊಸ ಈಜುಡುಗೆಯ ಮೇಲೆ ಹಿಕ್ಕೆ ಹಾಕಿತ್ತು. ವರ್ಷವಿಡೀ ಗೊಬ್ಬರದ ಮಹಿಮೆ ಹಾಡುವ ಮನೆ ಅದು. ಅವತ್ತು ಎದ್ದ ಕಿರುಚಾಟಕ್ಕೆ ನಮ್ಮೂರ ನಾಯಿಗಳೂ ಬೊಗಳಿದವು. ಯಾಕಮ್ಮಾ, ಶುದ್ಧ ಸಾವಯವ ಅಲ್ಲವೇ?

ಮಗಳು ಮೂಲೆಯಲ್ಲಿ ಅಳುತ್ತಿದ್ದಳು. ಹನ್ನೆರಡು ಮೊಟ್ಟೆಗೆ ಕೋಳಿ ಕಾವು ಕೂತಿದೆ. 21 ದಿನಕ್ಕೆ ಮರಿ. ಬೆರಳು ಮಡಚಿ ಲೆಕ್ಕ ಹಾಕಿದರೆ ಮರಿ ಒಡೆಯುವ ದಿನ ಇವರು ಬಾಲಿಯ ಸಮುದ್ರದಂಡೆಯಲ್ಲಿರುತ್ತಾರೆ. ಯಜಮಾನ ಮೀಟಿಂಗು ಮುಗಿಸಿ ಬಂದು ನನ್ನನ್ನು ಗಂಭೀರವಾಗಿ ಕೇಳಿದ: "ಸರ್, ಕಾವು ಕೂರೋದನ್ನ ಹತ್ತು ದಿನ ನಿಲ್ಲಿಸಿ ಆಮೇಲೆ ಕಂಟಿನ್ಯೂ ಮಾಡೋಕಾಗುತ್ತಾ?"

ಐಐಟಿಯಲ್ಲಿ ಓದಿದವನು. ನಾನು ನಗಲಿಲ್ಲ.

ಮನೆಯ ನಾಯಿಯದು ಇನ್ನೊಂದು ಗಲಾಟೆ. ಲ್ಯಾಬ್ರಡಾರ್. ಅದನ್ನು ಬೆಂಗಳೂರಿನ ನಾಯಿ ವಸತಿಗೃಹಕ್ಕೆ ಬಿಡಬೇಕು. ಎಸಿ ಕೋಣೆ, ದಿನಕ್ಕೆರಡು ಬಾರಿ ಫೋಟೋ, ಸಂಜೆ ಆಟ. ದಿನಕ್ಕೆ 900 ರೂಪಾಯಿ. ಯಜಮಾನಿಯೇ ಹೆಮ್ಮೆಯಿಂದ ಹೇಳಿದರು.

ತೋಟದಾಳಿಗೆ ತಿಂಗಳಿಗೆ 14,000. ದಿನಕ್ಕೆ 466 ರೂಪಾಯಿ ಚಿಲ್ಲರೆ. ಹೆಂಡತಿಯ ದುಡಿಮೆ ಅದರಲ್ಲೇ ಸೇರಿದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ಒಬ್ಬರಿಗೆ ದಿನಕ್ಕೆ 370 ಇತ್ತು. ಇಲ್ಲಿ ಇಬ್ಬರಿಗೆ 466. ನಾಯಿ ಒಂದಕ್ಕೆ 900. ಆದರೂ 'ನಮ್ಮ ಅಣ್ಣ ಮನೆಯವನ ಥರ' ಅಂತ ಫೋಟೋ ಹಾಕುತ್ತಾರೆ. ಮನೆಯವನಂತೆ ಹೌದು. ನಾಯಿಯಂತೆ ಅಲ್ಲ, ಅಷ್ಟೆ.

ಅವನು ಕೊಪ್ಪಳದ ಕಡೆಯವನು. ಮೂರು ವರ್ಷದಿಂದ ಇದ್ದಾನೆ. ಯಾವ ಊರು ಅಂತ ಯಜಮಾನನನ್ನು ಕೇಳಿ ನೋಡಿ. 'ನಾರ್ತ್ ಕರ್ನಾಟಕ' ಅನ್ನುತ್ತಾನೆ. ಕೋಳಿಗಳ ಹೆಸರು ಮಾತ್ರ ಹನ್ನೊಂದೂ ಬಾಯಿಪಾಠ.

ಅವನಿಗೆ ನಾಲ್ಕು ಪುಟದ ಸೂಚನಾಪಟ್ಟಿ ಸಿದ್ಧವಾಗಿತ್ತು. ಲ್ಯಾಮಿನೇಟ್ ಮಾಡಿಸಿದ್ದರು. ಇಂಗ್ಲಿಷಿನಲ್ಲಿ ಬರೆದು ಫೋನಿನಿಂದ ಕನ್ನಡ ಮಾಡಿದ್ದು. ಅವನು ಹಾಳೆಯನ್ನು ತಂದು ನನ್ನ ಕೈಗೆ ಕೊಟ್ಟ. ಓದಿದೆ. 'ಕೋಳಿಗಳ ಸಾಮಾಜಿಕ ಸಂವಹನವನ್ನು ಪ್ರೋತ್ಸಾಹಿಸಿ.' 'ಹಸುವಿನ ಮನಸ್ಥಿತಿಯನ್ನು ಮೇಲ್ವಿಚಾರಣೆ ಮಾಡಿ.'

"ಹಂಗಂದ್ರೇನ್ರೀ ಸರ?" ಅಂದ.

ಹುಟ್ಟಿದಾಗಿನಿಂದ ದನದ ಜೊತೆ ಬೆಳೆದವನಿಗೆ ದನ ನೋಡಿಕೊಳ್ಳುವುದು ಹೇಗೆಂದು ನಾಲ್ಕು ಪುಟ. ಬೇಸಿಗೆಯಲ್ಲಿ ಕರೆಯುವ ಹಸುವಿಗೆ ದಿನಕ್ಕೆ 60 ಲೀಟರಾದರೂ ನೀರು ಬೇಕು ಅನ್ನುವುದು ಮಾತ್ರ ಆ ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಹುಲ್ಲುಹಾಸಿಗೆ ಎಷ್ಟು ನಿಮಿಷ ನೀರು ಅನ್ನುವುದು ಎರಡು ಕಡೆ ಇತ್ತು.

ಅವನ ಊರಲ್ಲಿ ಐದು ವರ್ಷಕ್ಕೊಮ್ಮೆ ದ್ಯಾಮವ್ವನ ಜಾತ್ರೆ. ಈ ಸಲ ಬಿದ್ದಿದ್ದು ಇದೇ ವಾರ. ಯುಗಾದಿ ಮುಗಿದ ಮರುದಿನವೇ ರಜೆ ಕೇಳಿದ್ದ. ಇವರು ಟಿಕೆಟ್ ಮಾಡಿಸಿದ್ದು ಅದಾದ ಮೇಲೆ. ತಾರೀಖು ಗೊತ್ತಿತ್ತು. ಬಾಲಿಯಲ್ಲಿ ರೇಟು ಕಡಿಮೆ ಇತ್ತು.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊ ಅಣ್ಣ" ಅಂದರಂತೆ. ಈ ದೇಶದಲ್ಲಿ ಅಡ್ಜಸ್ಟ್ ಮಾಡಿಕೊಳ್ಳುವವನು ಯಾವಾಗಲೂ ಅಣ್ಣನೇ.

ನನ್ನ ಅಪ್ಪನಿಗೆ ಎರಡು ಹಸು ಇದ್ದವು. ಮೈಸೂರಿನಲ್ಲಿ ಅಕ್ಕನ ಮದುವೆ. ಮುಹೂರ್ತ ಮುಗಿಸಿ ಊಟದ ಎಲೆ ಎತ್ತುವ ಮುಂಚೆ ಬಸ್ಸು ಹತ್ತಿ ಬಂದ. ಸಂಜೆ ಹಾಲು ಕರೆಯಬೇಕಿತ್ತು. ಬಿಟ್ಟರೆ ಕೆಚ್ಚಲು ಬಾವು. ಮಗಳನ್ನು ಕಳಿಸಿಕೊಡುವ ಶಾಸ್ತ್ರಕ್ಕೆ ಅಪ್ಪನೇ ಇರಲಿಲ್ಲ. ಅಕ್ಕ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಅವನಿಗೂ ಸುಸ್ತಾಗಿರಬೇಕು. ಹಸುಗಳು ಕೇಳಲಿಲ್ಲ.

ಇವರು ರೈತರಾದ ಕಥೆಯೂ ಚೆನ್ನಾಗಿದೆ. 1974ರಲ್ಲಿ ದೇವರಾಜ ಅರಸರ ಸರ್ಕಾರ 'ಉಳುವವನೇ ಹೊಲದೊಡೆಯ' ಎಂದಿತು. ರೈತನಲ್ಲದವನು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಬೇರೆ ಆದಾಯಕ್ಕೂ ಮಿತಿ ಇತ್ತು. 2015ರಲ್ಲಿ ಆ ಮಿತಿ ವರ್ಷಕ್ಕೆ 25 ಲಕ್ಷಕ್ಕೆ ಏರಿತು. ಪಾಪ, 25 ಲಕ್ಷದ ಬಡವರೂ ಬದುಕಬೇಕಲ್ಲ. 2020ರಲ್ಲಿ ಅದೂ ಬೇಡವೆಂದು 79ಎ, 79ಬಿ ಕಲಂಗಳನ್ನೇ ಕಿತ್ತರು. ಈಗ ಹೊಲದೊಡೆಯ ಉಳುವವನ ಮೇಲೆ ಸಿಸಿಟಿವಿ ಇಟ್ಟಿದ್ದಾನೆ. ಸೌರಶಕ್ತಿಯದು. ಪರಿಸರಸ್ನೇಹಿ.

ಪಹಣಿಯಲ್ಲಿ ಹೆಸರು ಬಂದ ಮೇಲೆ ಎಲ್ಲ ಸಲೀಸು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಆ ಪುಕ್ಕಟೆ ಕರೆಂಟಿನಲ್ಲಿ ಈಜುಕೊಳ ತುಂಬುತ್ತದೆ. ಆ ಈಜುಕೊಳದ ದಂಡೆಯಲ್ಲಿ ಕಾಲು ಇಳಿಬಿಟ್ಟುಕೊಂಡು ಯಜಮಾನ ವಾಟ್ಸ್ಆ್ಯಪಿನಲ್ಲಿ ಬರೆಯುತ್ತಾನೆ: ಬಿಟ್ಟಿ ಭಾಗ್ಯಗಳಿಂದ ರಾಜ್ಯ ದಿವಾಳಿ. ಹೆಂಗಸರು ಬಸ್ಸಿನಲ್ಲಿ ದುಡ್ಡಿಲ್ಲದೆ ಓಡಾಡಿದರೆ ಅವನಿಗೆ ತೆರಿಗೆದಾರನ ಬೆವರು ನೆನಪಾಗುತ್ತದೆ. ಕೊಳ ತುಂಬುವಾಗ ನೆನಪಾಗುವುದಿಲ್ಲ.

ನೀರಿನ ಮಾತು ಬಂತು, ಹೇಳಿಬಿಡುತ್ತೇನೆ. ನನ್ನ ಬೋರು 420 ಅಡಿ. ಅವರದು 1,100. ಅವರು ಕೊರೆಸಿದ ಬೇಸಿಗೆಯಲ್ಲೇ ನನ್ನದು ಗಾಳಿ ಉಗುಳಿತು. ಹೋಗಿ ಹೇಳಿದೆ. "ಕ್ಲೈಮೇಟ್ ಚೇಂಜ್ ಸರ್" ಅಂದ, ನಿಜವಾದ ದುಃಖದಿಂದ. ನಮ್ಮ ಎತ್ತಿನ ಗಾಡಿ ಓಡಾಡುತ್ತಿದ್ದ ದಾರಿಗೂ ಬೇಲಿ ಹಾಕಿದ್ದಾರೆ. ಅಜ್ಜನ ಕಾಲದ ದಾರಿ. ಧೂಳು ಬರುತ್ತದೆ ಅಂದರು. ಹಳ್ಳಿಯಲ್ಲಿ ಧೂಳು ಬರುತ್ತದೆ ಅಂತ ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲವಂತೆ.

ಇಂಥವರು ಬಾಲಿಯಲ್ಲಿ ಏನು ನೋಡುತ್ತಾರೆ ಅಂತೀರಾ?

ಗದ್ದೆ.

ಉಬುದ್ ಹತ್ತಿರ ತೆಗಲಾಲಂಗ್ ಅಂತ ಊರು. ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ಅಲ್ಲೊಂದು ಫಾರ್ಮ್ ಸ್ಟೇ. ಮೂರು ರಾತ್ರಿ. ದುಡ್ಡು ಕೊಟ್ಟರೆ ಕೆಸರಿಗಿಳಿಸಿ ನಾಟಿ ಮಾಡಿಸುತ್ತಾರಂತೆ. ಇಲ್ಲಿ ದುಡ್ಡು ಕೊಡುತ್ತೇವೆ ಅಂದರೂ ನಾಟಿಗೆ ಜನ ಸಿಗುವುದಿಲ್ಲ. ಅಲ್ಲಿ ದುಡ್ಡು ತೆಗೆದುಕೊಂಡು ನಾಟಿ ಮಾಡಿಸುತ್ತಾರೆ. ಬುದ್ಧಿವಂತರು ಬಾಲಿಯವರು.

ಯಜಮಾನಿ ನನಗೆ ಪಾಠವನ್ನೂ ಮಾಡಿದರು. "ಅಲ್ಲಿ ಸುಬಕ್ ಅಂತ ಇದೆ ಅಂಕಲ್. ಊರಿನ ರೈತರೆಲ್ಲ ಸೇರಿ ನೀರು ಹಂಚಿಕೊಳ್ತಾರೆ. ಒಬ್ಬರಾದ ಮೇಲೆ ಒಬ್ಬರು. ಯುನೆಸ್ಕೋ ಗುರುತಿಸಿದೆ. ಎಷ್ಟು ಚೆಂದ ಅಲ್ವಾ?"

ನಿಜ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮೂರಲ್ಲೂ ಒಬ್ಬ ನೀರುಗಂಟಿ ಇದ್ದ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಅಳೆದು ಬಿಡುತ್ತಿದ್ದ. ಗೌಡರ ಗದ್ದೆಗೂ ಅಷ್ಟೇ, ವಿಧವೆಯ ಗದ್ದೆಗೂ ಅಷ್ಟೇ. ಅವನ ಹೊಟ್ಟೆಗೆ ಸುಗ್ಗಿಯಲ್ಲಿ ಎಲ್ಲರೂ ಇಷ್ಟಿಷ್ಟು ಕಾಳು ಕೊಡುತ್ತಿದ್ದರು. ಯುನೆಸ್ಕೋ ಬರಲಿಲ್ಲ. ಬೋರ್‌ವೆಲ್ ಲಾರಿ ಬಂತು. ಸರದಿ ಮೇಲೆ ನೀರು ಹಂಚಿಕೊಳ್ಳುವುದು ಚೆಂದ ಅಂತ ಹೇಳಿದ ಆ ತಾಯಿಯ ಹಿಂದೆಯೇ 1,100 ಅಡಿಯಿಂದ ಎತ್ತಿದ ನೀರು ಹುಲ್ಲುಹಾಸಿನ ಮೇಲೆ ಕಾರಂಜಿಯಾಗಿ ತಿರುಗುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಅವರು ನಾನು ಮೆಚ್ಚಿಕೊಂಡೆ ಅಂದುಕೊಂಡರು.

ಮಗನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅವನಿಗೆ ತೋಟವೂ ಬೇಡ, ಬಾಲಿಯೂ ಬೇಡ. ಚಾರ್ಜರ್ ಬೇಕು. ಆ ಮನೆಯಲ್ಲಿ ಸುಳ್ಳು ಹೇಳದವನು ಅವನೊಬ್ಬನೇ.

ಹೊರಟಿದ್ದು ರಾತ್ರಿ ಹನ್ನೊಂದಕ್ಕೆ. ಬೀಗದ ಕೈ ನನಗೆ ಕೊಟ್ಟರು. "ಒಂದು ಕಣ್ಣಿಟ್ಟಿರಿ ಸರ್, ಈಗಿನ ಕಾಲದಲ್ಲಿ ಯಾರನ್ನೂ ನಂಬೋ ಹಾಗಿಲ್ಲ" ಅಂದ ಯಜಮಾನ. ಆಳು ಎರಡು ಮಾರು ದೂರದಲ್ಲಿ ಅವರ ಸೂಟ್‌ಕೇಸು ಕಾರಿಗೆ ತುಂಬುತ್ತಿದ್ದ. ಕೇಳಿಸಿತು. ಎಲ್ಲ ತುಂಬಿ, ಡಿಕ್ಕಿ ಮುಚ್ಚಿ, ಗೇಟು ತೆಗೆದ.

ಇವತ್ತು ಆರನೇ ದಿನ.

ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದು. ಯಜಮಾನ ಅಲ್ಲಿ ಆರಕ್ಕೆ ಎದ್ದು ಯೋಗ ಮಾಡಿ ಫೋನಿನಲ್ಲಿ ತೋಟ ನೋಡುತ್ತಾನೆ. ಇಲ್ಲಿ ಆಗ ಮೂರೂವರೆ. ತ್ರೀ-ಫೇಸ್ ಕರೆಂಟು ಕೊಡುವುದೇ ದಿನಕ್ಕೆ ಏಳು ಗಂಟೆ, ಅದರಲ್ಲೂ ಈ ವಾರ ನಮ್ಮ ಲೈನಿಗೆ ನಡುರಾತ್ರಿ. ಹಾಗಾಗಿ ಮೂರೂವರೆಗೂ ಆಳು ಕ್ಯಾಮೆರಾದಲ್ಲಿ ಕಾಣುತ್ತಾನೆ, ಟಾರ್ಚು ಹಿಡಿದು ವಾಲ್ವು ತಿರುಗಿಸುತ್ತಾ. ಮೊನ್ನೆ ಮಧ್ಯಾಹ್ನ ಫೋನು ಬಂತು, ನನಗೆ. "ಸರ್, ಎರಡು ಗಂಟೆಯಿಂದ ಅವನು ಕ್ಯಾಮೆರಾದಲ್ಲಿ ಇಲ್ಲ. ಎಲ್ಲೋ ಮಲಗಿರಬೇಕು. ನೋಡ್ತೀರಾ?"

ಹೋಗಿ ನೋಡಿದೆ. ಮಲಗಿದ್ದ. ಎಬ್ಬಿಸದೆ ಬಂದೆ. ಇದ್ದಾನೆ, ಕೆಲಸ ಮಾಡುತ್ತಿದ್ದಾನೆ ಅಂದೆ. ಅಷ್ಟು ಸುಳ್ಳಿಗೆ ನನಗೂ ಹಕ್ಕಿದೆ.

ನಿನ್ನೆ ಮೊಟ್ಟೆ ಒಡೆದವು. ಹನ್ನೆರಡರಲ್ಲಿ ಒಂಬತ್ತು ಮರಿ. ಮಗಳು ಬಾಲಿಯಿಂದ ವಿಡಿಯೋ ಕಾಲ್ ಮಾಡಿದಳು. ಆಳಿನ ಹೆಂಡತಿ ಫೋನು ಹಿಡಿದು ಒಂದೊಂದೇ ಮರಿ ತೋರಿಸಿದಳು. ಇಪ್ಪತ್ತು ನಿಮಿಷ. ಕೈ ನೋವು ಅಂತ ಎರಡು ಸಲ ಕೈ ಬದಲಾಯಿಸಿದಳು. "ಸೋ ಕ್ಯೂಟ್" ಅಂತ ಕೇಳಿಸುತ್ತಿತ್ತು.

ಅವನು ಮೋಟರ್ ಮನೆ ಹತ್ತಿರ ನಿಂತು ಇನ್ನೊಂದು ಫೋನಿನಲ್ಲಿ ಊರಿನ ವಿಡಿಯೋ ನೋಡುತ್ತಿದ್ದ. ಅವನ ತಮ್ಮ ಕಳಿಸಿದ್ದು. ದ್ಯಾಮವ್ವನ ಹೊನ್ನಾಟ. ಇಡೀ ಬೀದಿ ಅರಿಶಿನ. ನೆಟ್‌ವರ್ಕ್ ಸಾಲದೆ ನಡುನಡುವೆ ನಿಂತು ನಿಂತು ಓಡುತ್ತಿತ್ತು. ಕೊಟ್ಟಿಗೆ ಮೂಲೆಗೆ ಹೋಗು, ಅಲ್ಲಿ ಚೆನ್ನಾಗಿ ಸಿಗುತ್ತದೆ ಅಂದೆ.

"ಅಲ್ಲಿ ಕ್ಯಾಮೆರಾ ಐತ್ರೀ" ಅಂದ.

ಜಾತ್ರೆ ನಿನ್ನೆಗೆ ಮುಗಿಯಿತು. ಮುಂದಿನದು ಐದು ವರ್ಷಕ್ಕೆ.