ಟ್ರಂಕು, ಬಕೆಟ್ಟು ಮತ್ತು ವಾರ್ಡನ್

(ಮಲೆನಾಡಿನ ಸಣ್ಣ ಕಾಲೇಜೊಂದರ ಹಾಸ್ಟೆಲ್. ಜೋರು ಮಳೆ.)

ಹುಡುಗ: ಸರ್, ನಾಲ್ಕು ಮಂಚಕ್ಕೆ ಆರು ಜನ?

ವಾರ್ಡನ್: ಸಹಬಾಳ್ವೆ ಕಣಯ್ಯಾ. ಸಿಲಬಸ್‌ನಲ್ಲಿಲ್ಲ, ಅದಕ್ಕೇ ಬೇರೆ ಫೀಸಿಲ್ಲ.

ಹುಡುಗ: ಸೂರು ಸೋರ್ತಿದೆ...

ವಾರ್ಡನ್: ಬಕೆಟ್ ಇಡು. ಆಮೇಲೆ ಬಾತ್‌ರೂಮಲ್ಲಿ ನೀರಿಲ್ಲ ಅಂತ ಬರಬೇಡ.

ಹುಡುಗ: ತಿಂಡಿ?

ವಾರ್ಡನ್: ಸೋಮವಾರ ಉಪ್ಪಿಟ್ಟು. ಮಂಗಳವಾರ ಅದಕ್ಕೇ ಅರಿಸಿನ ಹಾಕಿ ಬೋರ್ಡಲ್ಲಿ ಖಾರಾಬಾತ್ ಅಂತ ಬರೀತೀವಿ. ಸಾರಲ್ಲಿ ಬೇಳೆ ಸಿಕ್ಕರೆ ಆಫೀಸಿಗೆ ಒಪ್ಪಿಸು.

ಹುಡುಗ: ರ‍್ಯಾಗಿಂಗ್?

ವಾರ್ಡನ್: ಛೆ! ಯುಜಿಸಿ 2009ರಲ್ಲೇ ನಿಯಮ ಮಾಡಿದೆ. ನೀನೂ ನಿಮ್ಮಪ್ಪನೂ ಮುಚ್ಚಳಿಕೆ ಕೊಟ್ಟಿಲ್ವಾ?

ಹುಡುಗ: ಸೀನಿಯರ್ ಒಬ್ಬರು ಬನಿಯನ್ ಕೊಟ್ಟು ಒಗಿ ಅಂದ್ರು.

ವಾರ್ಡನ್: ಅದು ಪರಿಚಯ.

(ಹುಡುಗಿಯರ ಹಾಸ್ಟೆಲಿನ ಗೇಟು ಸಂಜೆ ಆರಕ್ಕೇ ಬಂದ್. ಹುಡುಗರದಕ್ಕೆ ಗೇಟೇ ಇಲ್ಲ. ಶಿಸ್ತು ಯಾರಿಗೆ ಬೇಕೆಂದು ಆಡಳಿತ ಮಂಡಳಿ ಯಾವತ್ತೋ ತೀರ್ಮಾನಿಸಿಬಿಟ್ಟಿದೆ.)

ಹುಡುಗ: ದೂರು ಕೊಡೋದು ಎಲ್ಲಿ?

ವಾರ್ಡನ್: ಪೆಟ್ಟಿಗೆ ಇದೆ. ಕೀಲಿ ಹಳೇ ವಾರ್ಡನ್ ಜೊತೆ ವರ್ಗವಾಯ್ತು.

ಹುಡುಗ: ತಪಾಸಣೆಗೆ ಯಾರೂ ಬರಲ್ವಾ?

ವಾರ್ಡನ್: ಐದು ವರ್ಷಕ್ಕೊಮ್ಮೆ ಒಂದು ತಂಡ ಬರುತ್ತಲ್ಲ! ಅವತ್ತು ಸುಣ್ಣ, ಹೊಸ ಬಲ್ಬು, ಹೋಳಿಗೆ ಊಟ. ಹೋದ ವರ್ಷ ತಾನೇ ಬಂದುಹೋದ್ರು.

ಹುಡುಗ: ನನ್ನ ಡಿಗ್ರಿ ಮೂರೇ ವರ್ಷ, ಸರ್.

ವಾರ್ಡನ್: ಹೋಳಿಗೆ ಬೇಕಿದ್ರೆ ಫೇಲಾಗು.