ಎರಡು ರೂಪಾಯಿಯ ವಿಸ್ಕಿ

ಬಂಟ್ವಾಳದವನಿಗೆ ಬಂಗುಡೆ ಮಾರುವುದು ಸುಲಭವಲ್ಲ. ಆತ ಕಿವಿರು ಎತ್ತಿ ಒಳಗಿನ ಕೆಂಪು ನೋಡುತ್ತಾನೆ, ಹೊಟ್ಟೆಗೆ ಬೆರಳು ಒತ್ತುತ್ತಾನೆ, “ಇದು ಐಸಿನದ್ದಲ್ವಾ ಮಾರಾಯ್ತಿ” ಎಂದು ಮೊದಲೇ ಆಪಾದನೆ ಹೊರಿಸಿ ಆಮೇಲೆ ಕ್ರಯ ಕೇಳುತ್ತಾನೆ. ಶೇಂದಿಯ ವಿಷಯ ಇನ್ನೂ ಕಷ್ಟ. ಮೂರ್ತೆದಾರ ಬೆಳಿಗ್ಗೆ ಇಳಿಸಿದ್ದೋ ಸಂಜೆ ಇಳಿಸಿದ್ದೋ, ತೆಂಗಿನದ್ದೋ ಬೈನೆಯದ್ದೋ, ಬರುವ ದಾರಿಯಲ್ಲಿ ಬಾವಿ ಏನಾದರೂ ಸಿಕ್ಕಿತ್ತೋ ಎಂಬುದನ್ನು ಒಂದೇ ಗುಟುಕಿನಲ್ಲಿ ಹೇಳಿಬಿಡುವ ಹಿರಿಯರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಈಗಲೂ ಇದ್ದಾರೆ. ಇಂಥ ನಾಲಗೆಯ ಜನ ವಿಮಾನ ನಿಲ್ದಾಣದ ಲೌಂಜಿಗೆ ಹೊಕ್ಕ ಕೂಡಲೇ ಪಾಪದವರಾಗಿಬಿಡುತ್ತಾರೆ. ಕೊಟ್ಟದ್ದನ್ನು ಕುಡಿಯುತ್ತಾರೆ, ಮೇಲಿಂದ ಥ್ಯಾಂಕ್ಯೂ ಬೇರೆ.

ಕಾರಣ ಆ ಕಾರ್ಡು. ಬ್ಯಾಂಕಿನವರು ಕೊಟ್ಟ ಕಾರ್ಡನ್ನು ಬಾಗಿಲಲ್ಲಿ ಉಜ್ಜಿದರೆ 2 ರೂಪಾಯಿ ಕಡಿತವಾಗಿ ಒಳಗೆ ಬಿಡುತ್ತಾರೆ. ನಮ್ಮ ಬಂಟ್ವಾಳದ ಬಿ.ಸಿ. ರೋಡಿನಲ್ಲಿ 2 ರೂಪಾಯಿಗೆ ಈಗ ಬೀಡದ ಸುಣ್ಣವೂ ಸಿಗುವುದಿಲ್ಲ. ಅಷ್ಟಕ್ಕೆ ಇಲ್ಲಿ ಇಡ್ಲಿ, ಪಾಸ್ತಾ, ಮೆತ್ತನೆಯ ಸೋಫಾ, ತಂಪು ಹವೆ, ಮೂಲೆಯಲ್ಲೊಂದು ಬಾರ್. 2 ರೂಪಾಯಿ ಕೊಟ್ಟವನಿಗೆ “ಎಂತ ಮಾರಾಯಾ ಇದು” ಎಂದು ಕೇಳುವ ಬಾಯಿ ಎಲ್ಲಿಂದ ಬರಬೇಕು?

ದುಬೈಯಲ್ಲೊಂದು ಮದುವೆಗೆಂದು ನಾವು ಮೂವರು ಹೊರಟಿದ್ದೆವು. ನಾನು, ಬೆಳ್ತಂಗಡಿಯ ನನ್ನ ಭಾವ, ಮತ್ತು ಮೂಡುಬಿದಿರೆಯ ಒಬ್ಬ ಜೈನ ಗೆಳೆಯರು. ವಿಮಾನ ಬದಲಿಸುವ ನಡುವೆ ಒಂದು ದೊಡ್ಡ ಊರಿನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕಾಯುವುದಿತ್ತು. ಗೆಳೆಯರದ್ದು ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟ ಮನೆತನ. ಜೇನುತುಪ್ಪವನ್ನೇ ಮುಟ್ಟದವರಿಗೆ ವಿಸ್ಕಿಯ ಗುಣಮಟ್ಟ ಕಟ್ಟಿಕೊಂಡು ಏನಾಗಬೇಕು! ಸಾಲದ್ದಕ್ಕೆ ಸೂರ್ಯ ಮುಳುಗಿ ಆಗಿತ್ತು, ಹಾಗಾಗಿ ಬಫೆಯೂ ಇಲ್ಲ. “ನನ್ನ ಎರಡು ರೂಪಾಯಿಗೆ ಈ ಸೋಫಾ ಧಾರಾಳ ಆಯ್ತು ಮಾರಾಯ್ರೆ” ಎಂದು ಕಾಲು ಚಾಚಿದರು. ನಮ್ಮ ಮೂವರಲ್ಲಿ ಕೊಟ್ಟ ಹಣಕ್ಕೆ ಸರಿಯಾದ ಮಾಲು ಪಡೆದವರು ಅವರೊಬ್ಬರೇ.

ಬಾರ್ ಎಂದರೆ ಒಂದು ಗ್ರಾನೈಟ್ ಕಟ್ಟೆ, ಹಿಂದೆ ಕನ್ನಡಿ. ಕನ್ನಡಿಯ ಎದುರು ಸಾಲಾಗಿ ನಿಲ್ಲಿಸಿದ ಒಳ್ಳೊಳ್ಳೆಯ ಬಾಟ್ಲಿಗಳು ದೇವರ ಪಟದ ಹಾಗೆ, ನೋಡಿ ಕೈಮುಗಿಯಲಿಕ್ಕೆ ಮಾತ್ರ. ಅದರಲ್ಲೊಂದನ್ನು ತೋರಿಸಿದೆ. “ಅದಕ್ಕೆ ಬೇರೆ ಬಿಲ್ ಆಗ್ತದೆ ಸರ್” ಎಂದ ಹುಡುಗ. ಪುಕ್ಕಟೆಯದ್ದು ಕಟ್ಟೆಯ ಕೆಳಗೆ ವಾಸ. ಅದರ ಬಾಯಿಗೆ ಪ್ಲಾಸ್ಟಿಕ್ಕಿನ ಕೊಕ್ಕು, ಕೊಕ್ಕಿಗೆ ಮುಚ್ಚಳವಿಲ್ಲ, ಬಾಟ್ಲಿಯ ಮುಕ್ಕಾಲು ಖಾಲಿ. ವಿಸ್ಕಿಗೆ ಗಾಳಿ ಆಗಿ ಬರುವುದಿಲ್ಲ. ಬಾಯಿ ತೆರೆದು, ತಳ ಕಂಡು, ಹೀಗೆ ದಿನಗಟ್ಟಲೆ ನಿಂತರೆ ಇದ್ದಬದ್ದ ಪರಿಮಳವೂ ಹಾರಿಹೋಗುತ್ತದೆ. ಹುಡುಗ ಸ್ಟೀಲಿನ ಅಳತೆಯಲ್ಲಿ 30 ಎಂ.ಎಲ್. ಅಳೆದ. ಮೇಲ್ಮಟ್ಟ ಅಂಚಿಗೆ ತಾಗಿತೋ ಇಲ್ಲವೋ ಎಂದು ಬಗ್ಗಿ ನೋಡಿ ಒಂದು ತೊಟ್ಟು ವಾಪಸು ಬಾಟ್ಲಿಗೆ ಬಿಟ್ಟ. ನಮ್ಮ ಸೊಸೈಟಿಯಲ್ಲಿ ಸೀಮೆಎಣ್ಣೆ ಅಳೆಯುತ್ತಿದ್ದವರೂ ಇಷ್ಟು ಪ್ರಾಮಾಣಿಕರಾಗಿರಲಿಲ್ಲ. ಆಮೇಲೆ ಗ್ಲಾಸಿನ ತುಂಬ ಐಸು. ಐಸು ಧಾರಾಳವಾಗಿ ಹಾಕುವುದರ ಹಿಂದೆ ಒಂದು ಗುಟ್ಟು ಉಂಟು: ತಣ್ಣಗಾದಷ್ಟೂ ವಾಸನೆ ಏಳುವುದಿಲ್ಲ, ರುಚಿ ತಿಳಿಯುವುದಿಲ್ಲ. ಒಳ್ಳೆಯ ವಿಸ್ಕಿಗೆ ಅದು ಅಪಚಾರ, ಇದಕ್ಕೆ ಉಪಕಾರ.

ಭಾವ ಕುಡಿಯುವುದು ಬಿಟ್ಟು ವರ್ಷಗಳಾದವು. ಧರ್ಮಸ್ಥಳದ ಆಶ್ರಯದಲ್ಲಿ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದಲ್ಲ, ಅಂಥ ಒಂದು ಶಿಬಿರದಿಂದ ಎದ್ದು ಬಂದವರು ಮತ್ತೆ ಗ್ಲಾಸು ಮುಟ್ಟಿಲ್ಲ. ಆದರೆ ಮೂಗು ಶಿಬಿರಕ್ಕೆ ಸೇರಿರಲಿಲ್ಲ. ನನ್ನ ಗ್ಲಾಸಿನ ಕಡೆಗೆ ಮುಖ ತಿರುಗಿಸಿ ಒಮ್ಮೆ ಉಸಿರೆಳೆದು ತೀರ್ಪು ಕೊಟ್ಟರು: “ಭಾವ, ಹಿಂದೆ ಕೊಟ್ಟೆಯಲ್ಲಿ ಬರ್ತಿತ್ತಲ್ಲ, ಇದು ಅದರದ್ದೇ ಇಂಗ್ಲಿಷ್ ಮೀಡಿಯಂ.”

ಕೊಟ್ಟೆ ಸಾರಾಯಿ ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಂದು ನಿಂತುಹೋಯಿತು. ಆದರೆ ಭಾವನ ಮೂಗು ಹೇಳಿದ್ದರಲ್ಲಿ ಶಾಸ್ತ್ರ ಉಂಟು. ಸ್ಕಾಚ್ ಎಂದು ಕರೆಸಿಕೊಳ್ಳಬೇಕಾದರೆ ಧಾನ್ಯದಿಂದಲೇ ಭಟ್ಟಿ ಇಳಿಸಿ, ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕಡಿಮೆಯೆಂದರೆ 3 ವರ್ಷ ಮಲಗಿಸಬೇಕು. ನಮ್ಮಲ್ಲಿ ಅಗ್ಗದ ವಿಸ್ಕಿ ಎಂದು ಮಾರುವ ಎಷ್ಟೋ ಮಾಲಿನ ಮೈ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಸ್ಪಿರಿಟ್ಟು. ಅದಕ್ಕೆ ಒಂದಿಷ್ಟು ಮಾಲ್ಟ್, ಬಣ್ಣ, ಪರಿಮಳ. ಯುರೋಪಿನವರು ಇದನ್ನು ವಿಸ್ಕಿ ಎಂಬ ಹೆಸರಿನಲ್ಲಿ ಮಾರಲಿಕ್ಕೆ ಬಿಡುವುದಿಲ್ಲ. ಸಾರಾಯಿಯೂ ಇದೂ ಒಂದೇ ಕಬ್ಬಿನ ಗದ್ದೆಯಿಂದ ಹೊರಟವು, ಒಂದು ಪ್ಲಾಸ್ಟಿಕ್ ಕೊಟ್ಟೆಗೆ ಹೋಯಿತು, ಇನ್ನೊಂದು ಟೈ ಕಟ್ಟಿಕೊಂಡು ಲೌಂಜಿಗೆ ಬಂತು.

ಹಾಗೆಂದು ನಮ್ಮ ನಾಡಿಗೆ ವಿಸ್ಕಿ ಮಾಡಲಿಕ್ಕೆ ಬರುವುದಿಲ್ಲ ಎಂದು ತಿಳಿಯಬೇಡಿ. ಬೆಂಗಳೂರಿನ ಅಮೃತ್ ಸಂಸ್ಥೆಯವರು 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು ನೇರ ಗ್ಲಾಸ್ಗೋಗೇ ಒಯ್ದು ಇಳಿಸಿದರು. ಧರ್ಮಸ್ಥಳಕ್ಕೆ ಬಂದು ಅನ್ನದಾನ ಮಾಡುವಷ್ಟು ಧೈರ್ಯ! ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ನೂರಕ್ಕೆ 2 ಪಾಲು ಆವಿಯಾಗುತ್ತದಂತೆ, ಅದನ್ನು ಅವರು ದೇವದೂತರ ಪಾಲು ಎನ್ನುತ್ತಾರೆ. ಬೆಂಗಳೂರಿನ ಸೆಕೆಗೆ ಅದು 10 ದಾಟುತ್ತದೆ. ಹಾಗಾಗಿ ಅಲ್ಲಿ ಹನ್ನೆರಡು ವರ್ಷ ಬೇಕಾದ ಪಕ್ವತೆ ಇಲ್ಲಿ ನಾಲ್ಕೈದರಲ್ಲೇ ಬರುತ್ತದೆ, ದೇವದೂತರು ಮಾತ್ರ ಸ್ವಲ್ಪ ಜಾಸ್ತಿ ಕುಡಿಯುತ್ತಾರೆ. ಇಂಥ ಬಾಟ್ಲಿ ಲೌಂಜಿನ ಕನ್ನಡಿಯ ಎದುರು ನಿಂತಿರುತ್ತದೆಯೇ ಹೊರತು ಕಟ್ಟೆಯ ಕೆಳಗೆ ಬರುವುದಿಲ್ಲ.

ಯಾಕೆ ಬರುವುದಿಲ್ಲ ಎಂದರೆ ಲೆಕ್ಕಾಚಾರ. ನಾವು ಕೊಟ್ಟದ್ದು 2 ರೂಪಾಯಿ ಆದರೂ ನಮ್ಮ ತಲೆ ಎಣಿಸಿ ಬ್ಯಾಂಕು ಲೌಂಜಿನವರಿಗೆ ಒಂದು ನಿಗದಿ ಮೊತ್ತ ಕೊಡುತ್ತದೆ. ಆ ಮೊತ್ತದಲ್ಲೇ ಬಾಡಿಗೆ, ಕರೆಂಟು, ಇಡ್ಲಿ, ಹುಡುಗನ ಸಂಬಳ ಎಲ್ಲ ಆಗಬೇಕು. ಸೀಸೆಯಲ್ಲೇ ಬರುವ ವಿದೇಶಿ ಮದ್ಯಕ್ಕೆ ನಮ್ಮ ದೇಶದಲ್ಲಿ ಬಹುಕಾಲ ಇದ್ದದ್ದು ನೂರಕ್ಕೆ 150ರಷ್ಟು ಸುಂಕ. ಎಷ್ಟು ಕುಡಿಸಿದರೂ ಲೌಂಜಿಗೆ ಒಂದು ಕಾಸು ಜಾಸ್ತಿ ಹುಟ್ಟುವುದಿಲ್ಲ, ಕಡಿಮೆ ಮಾಡಿದರೆ ಉಳಿಯುತ್ತದೆ. ಅದಕ್ಕೆ ಸರಿಯಾಗಿ ಗಿರಾಕಿಯೂ ದೂರುವುದಿಲ್ಲ. ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವ ಹಾಗಿಲ್ಲವಾದ್ದರಿಂದ, ಹತ್ತುವ ಮೊದಲು ಸಿಕ್ಕಿದ್ದೇ ಲಾಭ ಎಂದು ಹೊಟ್ಟೆಗೆ ಇಳಿಸುವವರೇ ಹೆಚ್ಚು.

ಈ ಕಾನೂನಿನ ಮಾತು ಬಂದಾಗ ಬಂಟ್ವಾಳದವರಾದ ನಮಗೆ ಸಣ್ಣ ನಗು ಬರುತ್ತದೆ. ಭಾರತದ ವಿಸ್ಕಿ ಸಾಮ್ರಾಜ್ಯದ ಬೇರು ಇರುವುದು ನೇತ್ರಾವತಿ ದಂಡೆಯ ನಮ್ಮ ಪೇಟೆಯಲ್ಲಿ. ವಿಟ್ಠಲ ಮಲ್ಯರ ಮನೆತನ ಬಂಟ್ವಾಳದ್ದು. ತಂದೆ ಸೈನ್ಯದಲ್ಲಿ ವೈದ್ಯರಾಗಿದ್ದುದರಿಂದ ಮಗ 1924ರಲ್ಲಿ ಹುಟ್ಟಿದ್ದು ಢಾಕಾದಲ್ಲಿ. ಇಪ್ಪತ್ತಮೂರರ ಪ್ರಾಯದಲ್ಲಿ, 1947ರಲ್ಲಿ, ಯುನೈಟೆಡ್ ಬ್ರೂವರೀಸಿನ ಮೊದಲ ಭಾರತೀಯ ನಿರ್ದೇಶಕರಾದರು. 1951ರಲ್ಲಿ ಮೆಕ್‌ಡೊವೆಲ್ ಕಂಪನಿಯನ್ನೂ ತೆಗೆದುಕೊಂಡರು. ಅವರ ಮಗ ವಿಜಯ್ ಮಲ್ಯ ಇನ್ನೂ ಮುಂದೆ ಹೋಗಿ 2005ರಲ್ಲಿ ವಿಮಾನವನ್ನೇ ಹಾರಿಸಿದರು, 2007ರಲ್ಲಿ ಗ್ಲಾಸ್ಗೋದ ವೈಟ್ ಆ್ಯಂಡ್ ಮೆಕೈ ವಿಸ್ಕಿ ಕಂಪನಿಯನ್ನು ಕೊಂಡರು. ವಿಮಾನಕ್ಕೆ ಬಿಯರಿನದ್ದೇ ಹೆಸರು, ಕಿಂಗ್‌ಫಿಷರ್. ಆದರೆ ಅದೇ ಹೆಸರಿನ ಬಿಯರನ್ನು ದೇಶದೊಳಗೆ ಹಾರುವಾಗ ಆ ವಿಮಾನದಲ್ಲಿ ಕೊಡುವಂತಿರಲಿಲ್ಲ! ಗಂಗಸರವೂ (ಅಂದರೆ ಮದ್ಯ) ಸ್ವಂತದ್ದು, ಗಾಡಿಯೂ ಸ್ವಂತದ್ದು, ಗಿರಾಕಿಗೆ ಮಾತ್ರ ನೀರು. 2012ರಲ್ಲಿ ವಿಮಾನಗಳು ನೆಲಕ್ಕಿಳಿದವು. ಮಾಲೀಕರು 2016ರ ಮಾರ್ಚಿನಲ್ಲಿ ಲಂಡನ್ನಿಗೆ ಹೋದರು. ಉಳಿದ ಕತೆ ನ್ಯಾಯಾಲಯಗಳದ್ದು, ನಮ್ಮದಲ್ಲ. ಒಂದು ಮಾತ್ರ ಹೇಳಬಹುದು: ವಿಸ್ಕಿ ಮತ್ತು ವಿಮಾನ ಎರಡನ್ನೂ ಒಂದೇ ಅಂಗಡಿಯಲ್ಲಿ ಮಾರಲು ಹೊರಟ ಊರಿನವನಿಗೆ ಲೌಂಜಿನ ವಿಸ್ಕಿಯ ಬಗ್ಗೆ ಮಾತಾಡುವ ಹಕ್ಕು ಖಂಡಿತ ಉಂಟು.

ಕಾಯುವ ಪ್ರಯಾಣಿಕನಿಗೆ ಒಳ್ಳೆಯದನ್ನೇ ಕೊಟ್ಟವರೂ ಇದ್ದರು. ಐರ್ಲೆಂಡಿನ ಫಾಯ್ನ್ಸ್ ಎಂಬಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳ ನಿಲ್ದಾಣವಿತ್ತು. 1940ರ ದಶಕದಲ್ಲಿ ಒಂದು ರಾತ್ರಿ ಚಳಿಯಲ್ಲಿ ನಡುಗುತ್ತಾ ಬಂದವರಿಗೆ ಅಲ್ಲಿನ ಬಾಣಸಿಗ ಜೋ ಶೆರಿಡನ್ ಬಿಸಿ ಕಾಫಿಗೆ ವಿಸ್ಕಿ ಬೆರೆಸಿ, ಮೇಲೆ ಕೆನೆ ತೇಲಿಸಿ ಕೊಟ್ಟನಂತೆ. ಐರಿಷ್ ಕಾಫಿ ಹುಟ್ಟಿದ್ದು ಹಾಗೆ. ಅಲ್ಲೇ ಹತ್ತಿರದ ಶ್ಯಾನನ್ ನಿಲ್ದಾಣದಲ್ಲಿ 1947ರಲ್ಲಿ ಜಗತ್ತಿನ ಮೊದಲ ಡ್ಯೂಟಿ ಫ್ರೀ ಅಂಗಡಿ ತೆರೆಯಿತು. ಆ ಒಂದು ಅಂಗಡಿಯ ಪುಣ್ಯದಿಂದ ಇವತ್ತು ಗಲ್ಫಿನಿಂದ ಬಜ್ಪೆ ನಿಲ್ದಾಣಕ್ಕೆ ಇಳಿಯುವ ಪ್ರತಿಯೊಬ್ಬನದ್ದೂ ನೆಂಟರು ಮೊದಲು ಮುಖ ನೋಡದೆ ಕೈಚೀಲ ನೋಡುತ್ತಾರೆ.

ಇನ್ನು ಸೌದಿ, ಕುವೈತಿನ ಲೌಂಜುಗಳಲ್ಲಿ ಈ ಜಂಜಾಟವೇ ಇಲ್ಲ. ಅಲ್ಲಿ ಮದ್ಯಕ್ಕೆ ನಿಷೇಧ. ಏಲಕ್ಕಿ ಹಾಕಿದ ಕಹ್ವಾ, ಖರ್ಜೂರ, ಮಜ್ಜಿಗೆಯಂಥ ಲಬನ್ ಸಿಗುತ್ತದೆ. ಅಲ್ಲಿ ದುಡಿಯುವ ನಮ್ಮ ಬ್ಯಾರಿ ಗೆಳೆಯರು ಹೇಳುವ ಪ್ರಕಾರ ಖರ್ಜೂರಕ್ಕೆ ಯಾರೂ ನೀರು ಬೆರೆಸಲಿಕ್ಕಾಗುವುದಿಲ್ಲ.

ಆ ರಾತ್ರಿ ನಾನು ಎರಡನೆಯ ಪೆಗ್ಗಿಗೆ ಹೋದಾಗ ಹುಡುಗನಿಗೆ, “ಬಾಟ್ಲಿ ಒಮ್ಮೆ ಮೇಲೆ ಇಡು, ಲೇಬಲ್ ನೋಡ್ತೇನೆ” ಎಂದೆ. ಅವನು ಗಾಬರಿಯಾದ. ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಒಳಗೆ ಹೋಗಿ ಬಂದವನು ಸೀಲು ಒಡೆಯದ ಬೇರೊಂದು ಬಾಟ್ಲಿ ತಂದು ನನ್ನ ಎದುರೇ ತೆರೆದ. ಅದೂ ದೊಡ್ಡ ಜಾತಿಯದ್ದೇನಲ್ಲ, ಭಾರತದಲ್ಲಿ ತುಂಬಿಸಿದ ಸಾಧಾರಣ ಸ್ಕಾಚು. ಆದರೆ ಭಾವ ಮೂಸಿ ನೋಡಿ ತಲೆ ಆಡಿಸಿದರು.

ಆದ್ದರಿಂದ ಓದುಗರಲ್ಲಿ ವಿನಂತಿ. ಲೌಂಜಿನಲ್ಲಿ ಕುಡಿಯುವವರಾದರೆ ಲೇಬಲ್ ಕೇಳಿ, ಐಸು ಬೇಡ ಎನ್ನಿ. ಕೇಳಲು ನಾಚಿಕೆಯಾದರೆ ಕಾಫಿ ಕುಡಿದು ಎದ್ದು ಬನ್ನಿ. ಹೇಗೂ ವಿದೇಶದಿಂದ ಬರುವವನಿಗೆ ಸುಂಕವಿಲ್ಲದೆ 2 ಲೀಟರ್ ಮದ್ಯ ತರಲು ಸರಕಾರವೇ ಅವಕಾಶ ಕೊಟ್ಟಿದೆ.